ಅಪ್‌ಡೇಟ್: 250 ಓಮ್ ಹೆಡ್‌ಫೋನ್‌ಗೆ ಕೊನೆಗೂ ಆಂಪ್ ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ನನ್ನ ಬೇಯರ್‌ಡೈನಾಮಿಕ್ ಡಿಟಿ 990 ಪ್ರೋ ಹೆಡ್‌ಫೋನನ್ನು ಫೋನಿನ ಡಾಂಗಲ್‌ಗೆ (ಫೋನಿಗೆ ಸಿಕ್ಕಿಸುವ ಪುಟ್ಟ ಅಡಾಪ್ಟರ್) ಹಾಕಿದರೆ ದನಿಯೇ ಏಳುವುದಿಲ್ಲ, ಎಷ್ಟು ಪವರ್‌ನ ಆಂಪ್ (ದನಿ ಏರಿಸುವ ಆಂಪ್ಲಿಫೈಯರ್) ಬೇಕು ಅಂತ? ಕೆಲಸ ಆಯಿತು.

"ವ್ಯಾಟ್ ಬಿಡಿ, ವೋಲ್ಟೇಜ್ ನೋಡಿ" ಎಂದವರ ಮಾತೇ ಸರಿ. ಈ ಹೆಡ್‌ಫೋನ್ 1 ಮಿಲಿವ್ಯಾಟ್‌ಗೆ 96 ಡೆಸಿಬಲ್ ಕೊಡುತ್ತದೆ. 110 ಡೆಸಿಬಲ್, ಅಂದರೆ ತುಂಬಾ ಜೋರು ದನಿ, ಮುಟ್ಟಲು 25 ಮಿಲಿವ್ಯಾಟ್ ಸಾಕು. ಆದರೆ ಇದು ವಿದ್ಯುತ್ತಿಗೆ ಒಡ್ಡುವ ತಡೆ 250 ಓಮ್, ಹಾಗಾಗಿ ಅದಕ್ಕೆ 2.5 ವೋಲ್ಟ್ ಬೇಕು. ನನ್ನ ಡಾಂಗಲ್ ಕೊಡುವುದು 1 ವೋಲ್ಟ್, ಅಷ್ಟೇ. ಇನ್ನೊಂದು ವಿಷಯ. ಆಂಪ್ ಡಬ್ಬದ ಮೇಲೆ ಬರೆದಿರುವ "1 ವ್ಯಾಟ್" 32 ಓಮ್ ಹೆಡ್‌ಫೋನ್‌ನ ಲೆಕ್ಕ. ಅದೇ ವೋಲ್ಟೇಜ್‌ಗೆ 250 ಓಮ್‌ನಲ್ಲಿ ಸಿಗುವುದು ಸುಮಾರು 128 ಮಿಲಿವ್ಯಾಟ್. ನನಗೆ ಅದೇ ಜಾಸ್ತಿ! ಹಾಸನದ ಗೆಳೆಯ ಮಾರುತ್ತಿದ್ದ ಅಂಥದ್ದೇ ಒಂದು ಹಳೆ ಆಂಪ್ ತಂದೆ. ವಾಲ್ಯೂಮ್ ಅರ್ಧವೂ ತಿರುಗಿಸುವುದಿಲ್ಲ.

ಈಕ್ವಲೈಜರ್ ಏರಿಸಿ ನೋಡಿದೆ, ದನಿ ಒಡೆಯಿತು. ದಪ್ಪ ಕೇಬಲ್? ಸುಮ್ನೆ ದುಡ್ಡು ದಂಡ.

ನಗು ಬಂದದ್ದು ಬೇರೆ ವಿಷಯಕ್ಕೆ. ಇದು ಓಪನ್ ಬ್ಯಾಕ್ ಹೆಡ್‌ಫೋನ್, ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ. ಚಿಕ್ಕಮಗಳೂರಿನ ಮಳೆ, ನಮ್ಮದು ಶೀಟಿನ ಮನೆ. ದನಿ ಸಾಲದು ಎಂದು ನಾನು ಗೋಳಾಡಿದ್ದರಲ್ಲಿ ಅರ್ಧ ಮಳೆಯದ್ದೇ ತಪ್ಪು. ಈಗಲೂ ಮಳೆ ಜೋರಾದರೆ ಹೆಡ್‌ಫೋನ್ ತೆಗೆದಿಟ್ಟು ಕಾಫಿ ಕುಡಿಯುತ್ತೇನೆ.