ಪ್ರಶ್ನೋತ್ತರ: ಗೇಮಿಂಗ್ ಪಿಸಿ ಬಿಸಿಯಾಗುತ್ತಿದೆ, ಬೂಸ್ಟ್ ಏನು ಮಾಡೋಣ?

ಅಡ್ಮಿನ್: ಬೇಸಿಗೆ ಬಂತು, ಗುಂಪಿನಲ್ಲಿ ದಿನಾ ಒಂದೇ ಗೋಳು: ಪಿಸಿ ಬಿಸಿಯಾಗುತ್ತಿದೆ, ಬೂಸ್ಟ್ (ಪ್ರೊಸೆಸರ್ ತಾನಾಗಿಯೇ ವೇಗ ಏರಿಸಿಕೊಳ್ಳುವುದು) ಆಫ್ ಮಾಡಬೇಕಾ? ಅದಕ್ಕೇ ನಮ್ಮ ಬೆಂಚ್ ಅಣ್ಣ ಇವತ್ತು ಉತ್ತರ ಕೊಡಲು ಒಪ್ಪಿದ್ದಾರೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಅವರ ಕಸುಬು. ದಯವಿಟ್ಟು ಒಬ್ಬೊಬ್ಬರಾಗಿ ಕೇಳಿ.

ಬೆಂಚ್ ಅಣ್ಣ: ಎಲ್ಲರಿಗೂ ನಮಸ್ಕಾರ. ಒಂದೇ ವಿನಂತಿ. ಪ್ರೊಸೆಸರ್ ಯಾವುದು, ಕೂಲರ್ ಯಾವುದು, ಎಷ್ಟು ಡಿಗ್ರಿ, ಆ ಹೊತ್ತಿಗೆ ಎಷ್ಟು ವ್ಯಾಟ್, ಇಷ್ಟು ಬರೆಯಿರಿ. ಎಚ್‌ಡಬ್ಲ್ಯುಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ 'ಸಿಪಿಯು ಪ್ಯಾಕೇಜ್ ಪವರ್' ಅಂತ ಒಂದು ಸಾಲು ಕಾಣುತ್ತದೆ, ವ್ಯಾಟ್ ಅಂದರೆ ಅದು. ಬರೀ ಡಿಗ್ರಿ ಹೇಳಿದರೆ ನಾನು ಊಹಿಸಬೇಕಾಗುತ್ತದೆ.

ಕಲಬುರಗಿ ಗೇಮರ್: ಸರ್, ಇಂಟೆಲ್ ಐ5-12400ಎಫ್, ಡಬ್ಬಿಯಲ್ಲಿ ಬಂದ ಕೂಲರ್. ಆಟ ಶುರು ಮಾಡಿದರೆ 100 ಡಿಗ್ರಿ. ವ್ಯಾಟ್ 60ರ ಆಸುಪಾಸು. ಚಿಪ್ಪಿಗೂ ಕೂಲರಿಗೂ ನಡುವೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿಯೂ ಆಯಿತು. ನಮ್ಮ ಬಿಸಿಲಿಗೆ ಇದು ಸಹಜವೇ?

ಬೆಂಚ್ ಅಣ್ಣ: ಸಹಜ ಅಲ್ಲ. ರೂಮು 40 ಡಿಗ್ರಿ ಇದ್ದರೂ 60 ವ್ಯಾಟಿಗೆ 100 ಆಗಬಾರದು. ಹೇಗೆ ಏರುತ್ತದೆ ನೋಡಿದಿರಾ? ನಿಧಾನಕ್ಕೆ, ಹತ್ತು ನಿಮಿಷ ತೆಗೆದುಕೊಂಡು ಏರುತ್ತದೋ, ಅಥವಾ ಒಂದೆರಡು ಸೆಕೆಂಡಿನಲ್ಲಿ ಜಿಗಿಯುತ್ತದೋ?

ಕಲಬುರಗಿ ಗೇಮರ್: ಜಿಗಿಯುತ್ತದೆ. ಆಟ ಮುಚ್ಚಿದರೆ ಅಷ್ಟೇ ಬೇಗ 50ಕ್ಕೆ ಇಳಿಯುತ್ತದೆ.

ಬೆಂಚ್ ಅಣ್ಣ: ಹಾಗಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ. ಕೇಸಿನೊಳಗೆ ಗಾಳಿ ಸಾಲದಿದ್ದರೆ ಬಿಸಿ ನಿಧಾನಕ್ಕೆ ಸೇರುತ್ತಾ ಹೋಗುತ್ತದೆ. ಸೆಕೆಂಡಿನಲ್ಲಿ ಜಿಗಿದು ಸೆಕೆಂಡಿನಲ್ಲಿ ಇಳಿದರೆ, ಚಿಪ್ಪಿನ ಬಿಸಿ ಕೂಲರಿಗೆ ದಾಟುತ್ತಲೇ ಇಲ್ಲ ಅಂತ. ಆ ಕೂಲರಿಗೆ ನಾಲ್ಕು ಒತ್ತುವ ಪಿನ್ ಇವೆ. ಮದರ್‌ಬೋರ್ಡ್ ಹೊರಗೆ ತೆಗೆದು ಹಿಂಭಾಗ ನೋಡಿ. ಪ್ರತಿ ತೂತಿನಲ್ಲೂ ಪಿನ್ನಿನ ಕಾಲು ಪೂರ್ತಿ ಈಚೆ ಬಂದು ಅಗಲವಾಗಿ ಹರಡಿರಬೇಕು. ಸಾಮಾನ್ಯವಾಗಿ ಒಂದು ಮೂಲೆ ಅರ್ಧಕ್ಕೇ ನಿಂತಿರುತ್ತದೆ. ಎದುರುಬದುರು ಮೂಲೆ ಜೋಡಿಯಾಗಿ ಒತ್ತಿ, 'ಟಕ್' ಅನ್ನಬೇಕು. ಆಮೇಲೆ ಹೇಳಿ.

ಫಾರ್ವರ್ಡ್ ಮಾವ: ನಮ್ಮ ಗುಂಪಿನಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ 🙏 'ಥರ್ಮಲ್ ಪೇಸ್ಟ್ ಇಲ್ಲದಿದ್ದರೆ ಬಿಳಿ ಟೂತ್‌ಪೇಸ್ಟ್ ಹಚ್ಚಿ, 15 ಡಿಗ್ರಿ ಕಡಿಮೆ. ರಾತ್ರಿ ಲ್ಯಾಪ್‌ಟಾಪನ್ನು ಕವರಿನಲ್ಲಿ ಹಾಕಿ ಫ್ರಿಜ್‌ನಲ್ಲಿಡಿ.'

ಬೆಂಚ್ ಅಣ್ಣ: ಟೂತ್‌ಪೇಸ್ಟಿನಲ್ಲಿರುವುದು ನೀರು. ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ, ಒಣಗಿದ ಮೇಲೆ ಸುಣ್ಣದ ಪುಡಿ. ಫ್ರಿಜ್‌ನಿಂದ ತೆಗೆದ ಲ್ಯಾಪ್‌ಟಾಪ್ ಒಳಗೆ ಬೆವರುತ್ತದೆ, ಹಾಗೇ ಆನ್ ಮಾಡಿದರೆ ಬೋರ್ಡ್ ಸುಡುತ್ತದೆ. ಎರಡೂ ಬೇಡ.

ರೈಜನ್ ರಾಯ: ಎಎಂಡಿ ರೈಜನ್ 5 7600ಎಕ್ಸ್. ವೀಡಿಯೊ ರೆಂಡರ್ ಮಾಡುವಾಗ 95ಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಭಯ ಆಗುತ್ತಿದೆ.

ಬೆಂಚ್ ಅಣ್ಣ: ಭಯ ಬೇಡ. ಆ ಚಿಪ್ ಪೂರ್ತಿ ಕೆಲಸ ಸಿಕ್ಕರೆ 95ರವರೆಗೆ ಏರಿ ಅಲ್ಲೇ ಓಡುವ ಹಾಗೆ ಮಾಡಿದ್ದು. ದೊಡ್ಡ ಕೂಲರ್ ಹಾಕಿದರೆ ಡಿಗ್ರಿ ಇಳಿಯುವ ಬದಲು ಬೂಸ್ಟ್ ಸ್ವಲ್ಪ ಮೇಲಕ್ಕೆ ಹೋಗಬಹುದು, ಅಷ್ಟೇ. ತಣ್ಣಗೆ ಬೇಕು ಅಂದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನದೇ ಸೆಟ್ಟಿಂಗ್ ಪರದೆ) 65 ವ್ಯಾಟಿನ ಇಕೋ ಮೋಡ್ ಹಾಕಿ. ಹೆಸರಿಗೆ 65 ಅಂದರೂ, 142 ವ್ಯಾಟಿನ ಮಿತಿ 88ಕ್ಕೆ ಬರುತ್ತದೆ. ಆಟದಲ್ಲಿ ವ್ಯತ್ಯಾಸ ಕಂಡರೂ ಅಲ್ಪಸ್ವಲ್ಪ.

ನೀಲಿ ತಂಡ: 95 ಡಿಗ್ರಿ ಸಹಜವಂತೆ! ಅದರ ಮೇಲೆ ದೋಸೆ ಹುಯ್ಯಬಹುದು. ಇಂಟೆಲ್ ತಗೊಳ್ಳಿ ಅಂದರೆ ಕೇಳುವುದಿಲ್ಲ.

ರೈಜನ್ ರಾಯ: ನಿಮ್ಮ ಐ9 253 ವ್ಯಾಟ್ ಕುಡಿಯುತ್ತದೆ. ಮೊದಲು ಕರೆಂಟ್ ಬಿಲ್ ನೋಡಿಕೊಳ್ಳಿ.

ನೀಲಿ ತಂಡ: ಬಿಲ್ ನಾನು ಕಟ್ಟುತ್ತೇನೆ, ನಿಮ್ಮನ್ನು ಕೇಳಿದೆನಾ?

ಹೊಸಬ: ಸರ್, ಲ್ಯಾಪ್‌ಟಾಪಿನಲ್ಲಿ ಬೂಸ್ಟ್ ಆಫ್ ಮಾಡುವುದು ಹೇಗೆ? ಐ5-11400ಎಚ್, 96 ಡಿಗ್ರಿ.

ಬೆಂಚ್ ಅಣ್ಣ: ವಿಂಡೋಸ್ ಪವರ್ ಪ್ಲಾನಿನ ಅಡ್ವಾನ್ಸ್‌ಡ್ ಸೆಟ್ಟಿಂಗಿನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 100 ಇರುತ್ತದೆ. 99 ಮಾಡಿ. 4.5 ಗಿಗಾಹರ್ಟ್ಸ್ ತನಕ ಓಡುವ ಚಿಪ್ 2.7ರ ಸುತ್ತ ನಿಲ್ಲುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೇಲೆ ಭಾರ ಇರುವ ಆಟಗಳಲ್ಲಿ ನಷ್ಟ ಕಡಿಮೆ, ವೇಗದ ಶೂಟಿಂಗ್ ಆಟಗಳಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬೀಳುವುದು ಗೊತ್ತಾಗುತ್ತದೆ. ಅದಕ್ಕೂ ಮೊದಲು ಫ್ಯಾನಿನ ಧೂಳು ತೆಗೆಸಿ. ನಾನು ಬಿಚ್ಚುವ ಲ್ಯಾಪ್‌ಟಾಪುಗಳಲ್ಲಿ ಕೂಲರಿನ ಲೋಹದ ಫಿನ್ನುಗಳ ಮೇಲೆ ಕಂಬಳಿಯ ಹಾಗೆ ಧೂಳು ಕೂತಿರುವುದೇ ಜಾಸ್ತಿ.

ತುಮಕೂರು ತಮ್ಮ: ಸರ್ ನಂದು ಐ7-14700ಕೆ, ಮೂರು ಫ್ಯಾನಿನ ಲಿಕ್ವಿಡ್ ಕೂಲರ್. 2023ರ ಕೊನೆಯಲ್ಲಿ ತಗೊಂಡಿದ್ದು. ಬಿಸಿ ಜಾಸ್ತಿ ಇಲ್ಲ, ಆಟದಲ್ಲಿ 75. ಆದರೆ ಎರಡು ತಿಂಗಳಿಂದ ಕೆಲವು ಆಟಗಳು ತೆರೆಯುವಾಗಲೇ, ಶೇಡರ್ (ಆಟದ ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ತಯಾರಾಗುವ ಹೊತ್ತಿಗೆ ಬಿದ್ದುಹೋಗುತ್ತವೆ. 'ವೀಡಿಯೊ ಮೆಮೊರಿ ಸಾಲದು' ಅಂತ ಬರುತ್ತದೆ. ಕಾರ್ಡಿನಲ್ಲಿ 16 ಜಿಬಿ ಇದೆ! ಗ್ರಾಫಿಕ್ಸ್ ಡ್ರೈವರ್ ಹಾಕಲು ಹೋದರೆ ಫೈಲ್ ಕೆಟ್ಟಿದೆ ಅನ್ನುತ್ತದೆ. ಅಂಗಡಿಯವರು ಕಾರ್ಡ್ ಬದಲಿಸಿ ಅಂದರು. ಸ್ನೇಹಿತ ಒಂದು ವಾಯ್ಸ್ ಮೆಸೇಜ್ ಕಳಿಸಿ ವೋಲ್ಟೇಜ್ ಸ್ವಲ್ಪ ಏರಿಸು, ಸ್ಥಿರವಾಗುತ್ತದೆ ಅಂದ. ಏರಿಸಲಾ?

ಬೆಂಚ್ ಅಣ್ಣ: ಏರಿಸಬೇಡಿ. ಕಾರ್ಡಿಗೂ ದುಡ್ಡು ಹಾಕಬೇಡಿ. ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಇದೊಂದೇ. ಸ್ವಲ್ಪ ಉದ್ದ ಬರೆಯುತ್ತೇನೆ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಒಂದು ದೋಷ ಇತ್ತು. ಚಿಪ್ಪಿನೊಳಗಿನ ಮೈಕ್ರೋಕೋಡ್, ಅಂದರೆ ಚಿಪ್ಪನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು. 2024ರ ಜುಲೈನಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಜನ ಇದನ್ನು ಬಿಸಿಯ ತೊಂದರೆ ಅಂದುಕೊಳ್ಳುತ್ತಾರೆ, ನಿಮ್ಮ 75 ಡಿಗ್ರಿ ನೋಡಿ ಅಂಗಡಿಯವರೂ ಮೋಸ ಹೋಗಿದ್ದಾರೆ. ಒಂದೆರಡು ಕೋರ್ ಮಾತ್ರ ಬೂಸ್ಟ್ ಆಗಿ 5.6 ಗಿಗಾಹರ್ಟ್ಸ್ ಮುಟ್ಟಬೇಕಾದಾಗಲೇ ಚಿಪ್ ಅತಿ ಹೆಚ್ಚು ವೋಲ್ಟೇಜ್ ಕೇಳುವುದು. ಅಂದರೆ ನೀವು ಆರಾಮವಾಗಿ ಬ್ರೌಸರ್ ತೆರೆದು ಕೂತಾಗಲೂ, 50 ಡಿಗ್ರಿ ತೋರಿಸುವಾಗಲೂ ಒಳಗೆ ಸವೆತ ನಡೆಯಬಹುದು. ಎಷ್ಟು ದೊಡ್ಡ ಕೂಲರ್ ಹಾಕಿದರೂ ಅದು ತಪ್ಪುವುದಿಲ್ಲ.

ಸವೆದ ಚಿಪ್ ಮೊದಲು ಎಡವುವುದು ಗಂಟು ಕಟ್ಟಿದ ಫೈಲ್ ಬಿಚ್ಚುವಾಗ. ಶೇಡರ್ ತಯಾರಿ, ಡ್ರೈವರ್ ಇನ್‌ಸ್ಟಾಲ್, ಜಿಪ್ ಬಿಚ್ಚುವುದು, ಎಲ್ಲ ಅದೇ ಜಾತಿ. ಲೆಕ್ಕ ತಪ್ಪುವುದು ಪ್ರೊಸೆಸರ್, ಬೈಗುಳ ಬೀಳುವುದು ಗ್ರಾಫಿಕ್ಸ್ ಕಾರ್ಡಿಗೆ. ನೀವು ಹೇಳಿದ ಎರಡೂ ಲಕ್ಷಣ ಇದಕ್ಕೆ ಹೊಂದುತ್ತವೆ.

ಈಗ ಮಾಡಬೇಕಾದ್ದು. ಬಯಾಸ್‌ನಲ್ಲಿ ಪಿ-ಕೋರ್ (ಚಿಪ್ಪಿನ ವೇಗದ ಕೋರುಗಳು) ಗುಣಕವನ್ನು 53ಕ್ಕೆ, ಅಂದರೆ 5.3 ಗಿಗಾಹರ್ಟ್ಸ್‌ಗೆ ಇಳಿಸಿ, ಅದೇ ಆಟ ತೆರೆಯಿರಿ. ಬೀಳುವುದು ನಿಂತರೆ ಸಂಶಯ ಹೆಚ್ಚುಕಡಿಮೆ ಖಚಿತ. ಇದು ಪರೀಕ್ಷೆ, ಔಷಧಿ ಅಲ್ಲ. ಆಮೇಲೆ ಮದರ್‌ಬೋರ್ಡ್ ಕಂಪನಿಯ ತಾಣದಿಂದ ಹೊಸ ಬಯಾಸ್ ಹಾಕಿ. 2024ರ ಆಗಸ್ಟಿನ 0ಎಕ್ಸ್129 ಮೈಕ್ರೋಕೋಡ್ ವೋಲ್ಟೇಜನ್ನು 1.55 ವೋಲ್ಟಿಗೆ ಮಿತಿ ಮಾಡಿತು, ಸೆಪ್ಟೆಂಬರಿನ 0ಎಕ್ಸ್12ಬಿ ಹಗುರ ಕೆಲಸದ ಹೊತ್ತಿನ ದೋಷಕ್ಕೂ ಬಂತು. ಇದಕ್ಕಿಂತ ಹಳೆಯದು ಬೇಡ. ಹಾಕಿದ ಮೇಲೆ 'ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್' ಆರಿಸಿ. ಕೆಲವು ಬೋರ್ಡುಗಳು ತಾವಾಗಿಯೇ ವ್ಯಾಟ್ ಮಿತಿ ತೆಗೆದುಹಾಕಿರುತ್ತವೆ.

ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಹೊಸ ಬಯಾಸ್ ಮುಂದಿನ ಸವೆತ ತಡೆಯುತ್ತದೆ, ಆಗಲೇ ಸವೆದಿದ್ದನ್ನು ಸರಿ ಮಾಡುವುದಿಲ್ಲ. ವೋಲ್ಟೇಜ್ ಏರಿಸಿದರೆ ಕೆಲವು ವಾರ ಚೆನ್ನಾಗಿ ಓಡುತ್ತದೆ, ಅಷ್ಟರಲ್ಲಿ ಇನ್ನಷ್ಟು ಸವೆದಿರುತ್ತದೆ. ಆ ವಾಯ್ಸ್ ಮೆಸೇಜ್ ಯಾರು ಮಾಡಿದ್ದೋ, ಸಿಕ್ಕರೆ ಎರಡು ಮಾತು ಕೇಳುವುದಿದೆ. ಅಳಿಸಿಬಿಡಿ, ಮುಂದಕ್ಕೆ ಕಳಿಸಬೇಡಿ.

ಸೆಕೆಂಡ್ ಹ್ಯಾಂಡ್ ಸಾಹುಕಾರ: ನಾನು ಮೊನ್ನೆಯಷ್ಟೇ ಹಳೆಯ 13900ಕೆ ತಗೊಂಡೆ. ಅದಕ್ಕೂ ಇದೆಯಾ?

ನೀಲಿ ತಂಡ: ಎಲ್ಲ ಎಎಂಡಿ ಅಭಿಮಾನಿಗಳ ಅಪಪ್ರಚಾರ. ನನ್ನದು ಏನೂ ಆಗಿಲ್ಲ.

ರೈಜನ್ ರಾಯ: ಕಂಪನಿಯೇ ಒಪ್ಪಿಕೊಂಡಿದೆ ಅಂತ ಬರೆದಿದ್ದಾರೆ, ಓದಲು ಬರುತ್ತದೆ ಅಲ್ವಾ?

ನೀಲಿ ತಂಡ: ನಿಮಗಿಂತ ಚೆನ್ನಾಗಿ ಬರುತ್ತದೆ.

ಬೆಂಚ್ ಅಣ್ಣ: ಎಲ್ಲ ಚಿಪ್ಪೂ ಕೆಡುವುದಿಲ್ಲ. ನಿಮ್ಮದು ಕೆಡದಿದ್ದರೆ ಸಂತೋಷ, ಬಯಾಸ್ ಹಾಕಿಕೊಂಡು ಸುಮ್ಮನಿರಿ.

ಬಳ್ಳಾರಿ ಬಿಸಿಲು: ಆಟ ಆಡುವಾಗ ಪಿಸಿ ಪಟ್ ಅಂತ ಆರಿಹೋಗುತ್ತದೆ. ಪ್ರೊಸೆಸರ್ ಬಿಸಿಯಿಂದ ತಾನೇ?

ಬೆಂಚ್ ಅಣ್ಣ: ಬಹುಶಃ ಅಲ್ಲ. ಬಿಸಿಯಾದ ಪ್ರೊಸೆಸರ್ ಮೊದಲು ವೇಗ ಇಳಿಸುತ್ತದೆ, ಆಟ ತಡವರಿಸುತ್ತದೆ. ಏನೂ ಸುಳಿವಿಲ್ಲದೆ ಆರಿದರೆ ಕರೆಂಟಿನ ಕಡೆ ನೋಡಿ. ಯುಪಿಎಸ್ ಎಷ್ಟರದ್ದು?

ಬಳ್ಳಾರಿ ಬಿಸಿಲು: 600 ವಿಎ. ಆರುವ ಮುಂಚೆ ಕೀ ಅನ್ನುತ್ತದೆ.

ಬೆಂಚ್ ಅಣ್ಣ: ಅದು ಕೊಡುವುದು ಸುಮಾರು 360 ವ್ಯಾಟ್. ಕಾರ್ಡು, ಪ್ರೊಸೆಸರ್, ಮಾನಿಟರ್ ಸೇರಿದರೆ ಮುಗಿಯಿತು. ಉತ್ತರ ನಿಮ್ಮ ಯುಪಿಎಸ್ಸೇ ಕೂಗಿ ಹೇಳುತ್ತಿದೆ.

ಎಫ್‌ಪಿಎಸ್ ಪ್ರಿಯ: ಲ್ಯಾಪ್‌ಟಾಪ್ ಬೂಸ್ಟ್ ಆಫ್ ಮಾಡುವುದು ಹೇಗೆ ಸರ್?

ಬೆಂಚ್ ಅಣ್ಣ: ಮೇಲೆ ಇದೆ.

ಕರಾವಳಿ: ಮಂಗಳೂರಿನ ಸೆಕೆಗೆ ಪಿಸಿ ರೂಮಿನಲ್ಲಿ ಎಸಿ ದಿನಾ ಹಾಕಿ ಆರಿಸಿದರೆ ಒಳಗೆ ನೀರು ಕೂರುತ್ತದಾ?

ಹಳೇ ಆಟಗಾರ: ನಂದೂ ಅದೇ, ಲ್ಯಾಪ್‌ಟಾಪ್ 94 ಡಿಗ್ರಿ. ಬೂಸ್ಟ್ ಆಫ್ ಮಾಡಬೇಕಾ? ಇನ್ನೊಂದು, ಟಚ್‌ಪ್ಯಾಡ್ ಇತ್ತೀಚೆಗೆ ಒತ್ತಿದರೆ ಕ್ಲಿಕ್ ಆಗುತ್ತಿಲ್ಲ, ಒಂದು ಕಡೆ ಮೇಲೆದ್ದಿದೆ. ಅದು ಬಿಡಿ, ಬಿಸಿಗೆ ಏನು ಮಾಡಲಿ?

ಬೆಂಚ್ ಅಣ್ಣ: ಅದನ್ನು ಬಿಡಲು ಆಗುವುದಿಲ್ಲ. ಚಾರ್ಜರ್ ಈಗಲೇ ತೆಗೆಯಿರಿ, ಲ್ಯಾಪ್‌ಟಾಪ್ ಆಫ್ ಮಾಡಿ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿಂದ ಎತ್ತುತ್ತಿರುವ ಲಕ್ಷಣ ಇದು. ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ, ಅಲ್ಲಾಡಿದರೆ ಖಚಿತ. ಟಚ್‌ಪ್ಯಾಡನ್ನು ಒತ್ತಿ ಕೂರಿಸಲು ಹೋಗಬೇಡಿ. ಚುಚ್ಚುವುದಂತೂ ಬೇಡವೇ ಬೇಡ, ಹೊತ್ತಿಕೊಳ್ಳುತ್ತದೆ. ಹಾಸಿಗೆ, ದಿಂಬಿನಿಂದ ದೂರ ಇಡಿ, ನಾಳೆಯೇ ಸರ್ವಿಸ್‌ಗೆ ಕೊಟ್ಟು ಬ್ಯಾಟರಿ ತೆಗೆಸಿ. ಬೂಸ್ಟ್ ಮಾತು ಆಮೇಲೆ.

ಫಾರ್ವರ್ಡ್ ಮಾವ: ಇನ್ನೊಂದು ಬಂದಿದೆ 🙏 'ಉಬ್ಬಿದ ಬ್ಯಾಟರಿಗೆ ಸೂಜಿಯಿಂದ ಸಣ್ಣ ತೂತು ಮಾಡಿ ಗಾಳಿ ಬಿಟ್ಟರೆ...'

ಬೆಂಚ್ ಅಣ್ಣ: ಅಡ್ಮಿನ್, ಇದನ್ನು ತಕ್ಷಣ ಅಳಿಸಿ. ಮಾವ, ನಿಮಗೆ ಕೈ ಮುಗಿಯುತ್ತೇನೆ. ಮೇಲಿನ ನಾಲ್ಕು ಸಾಲು ಓದಿ ಕಳಿಸಬಾರದೇ? ಯಾರಾದರೂ ನಂಬಿ ಸೂಜಿ ಹಿಡಿದರೆ ಮನೆಗೆ ಬೆಂಕಿ ಬೀಳುತ್ತದೆ.

ಫಾರ್ವರ್ಡ್ ಮಾವ: ಬಂದಿದ್ದನ್ನು ಹಂಚಿದೆ ಅಷ್ಟೇ. ಹಿರಿಯರ ಜೊತೆ ಹೀಗಾ ಮಾತಾಡುವುದು?

ನೀಲಿ ತಂಡ: ನಿಜ, ಇವರಿಗೆ ಮೊದಲಿಂದಲೂ ಅಹಂಕಾರ.

ಕಲಬುರಗಿ ಗೇಮರ್: ಅಣ್ಣ, ನೀವು ಹೇಳಿದ್ದೇ ಸರಿ! ರ‍್ಯಾಮ್ ಕಡೆಯ ಮೇಲಿನ ಪಿನ್ ಒಳಗೆ ಹೋಗಿರಲೇ ಇಲ್ಲ. ಈಗ ಅದೇ ಆಟದಲ್ಲಿ 78, ರೂಮು 39.

ಬೆಂಚ್ ಅಣ್ಣ: ಒಳ್ಳೆಯದಾಯಿತು.

ಎಫ್‌ಪಿಎಸ್ ಪ್ರಿಯ: ಮೇಲೆ ಎಲ್ಲಿದೆ? ಸಿಗುತ್ತಿಲ್ಲ.

ಹೊಸಬ: ಬೆರಳಿಗೆ ನೋವಾ? ಸ್ಕ್ರೋಲ್ ಮಾಡಿ.

ತುಮಕೂರು ತಮ್ಮ: ಸರ್, 53ಕ್ಕೆ ಇಳಿಸಿದೆ. ಎರಡು ಆಟವೂ ತೆರೆದವು, ಡ್ರೈವರೂ ಹಾಕಿತು. ಆದರೆ ಅಂಗಡಿಯವರಿಗೆ ಫೋನ್ ಮಾಡಿದರೆ ವಾರಂಟಿ ಮುಗಿದಿರಬೇಕು, ನಮಗೆ ಸಂಬಂಧ ಇಲ್ಲ ಅನ್ನುತ್ತಾರೆ.

ಬೆಂಚ್ ಅಣ್ಣ: ಅವರ ಮಾತು ಕೇಳಿ ಸುಮ್ಮನಾಗಬೇಡಿ. ಡಬ್ಬಿಯಲ್ಲಿ ಮಾರಿದ ಈ ಚಿಪ್ಪುಗಳಿಗೆ ಇಂಟೆಲ್ ಎರಡು ವರ್ಷ ಹೆಚ್ಚುವರಿ ವಾರಂಟಿ ಕೊಟ್ಟಿದೆ, ಮೂರು ಇದ್ದದ್ದು ಐದಾಗಿದೆ. ಅಂಗಡಿ ಬಿಟ್ಟು ನೇರವಾಗಿ ಇಂಟೆಲ್ ತಾಣದಲ್ಲೇ ವಾರಂಟಿ ಕೋರಿಕೆ ಹಾಕಿ. ಬಿಲ್, ಡಬ್ಬಿಯ ಮೇಲಿನ ನಂಬರ್, ದೋಷದ ಪರದೆಯ ಫೋಟೊ ಇಟ್ಟುಕೊಳ್ಳಿ. 53ಕ್ಕೆ ಇಳಿಸಿದಾಗ ನಿಂತಿತು ಅನ್ನುವುದನ್ನೂ ಬರೆಯಿರಿ. ಡಬ್ಬಿ ಇಲ್ಲದ ಟ್ರೇ ಚಿಪ್ ಆಗಿದ್ದರೆ ಮಾತ್ರ ಮಾರಿದವರನ್ನೇ ಹಿಡಿಯಬೇಕು. ಬದಲಿ ಚಿಪ್ ಕೂರಿಸುವ ಮುಂಚೆ ಹೊಸ ಬಯಾಸ್ ಹಾಕಿರಬೇಕು, ಮರೆಯಬೇಡಿ.

ಸೆಕೆಂಡ್ ಹ್ಯಾಂಡ್ ಸಾಹುಕಾರ: ಸರ್ ನನ್ನ 13900ಕೆ?

ರೈಜನ್ ರಾಯ: ಬಿಲ್ ಇದೆಯಾ ಸಾಹುಕಾರರೇ?

ಸೆಕೆಂಡ್ ಹ್ಯಾಂಡ್ ಸಾಹುಕಾರ: ನಿಮ್ಮನ್ನು ಕೇಳಲಿಲ್ಲ.

ಅಡ್ಮಿನ್: ಸೂಜಿ ಪೋಸ್ಟ್ ಅಳಿಸಿದ್ದೇನೆ. ಇಂಟೆಲ್-ಎಎಂಡಿ ಜಗಳ ಇನ್ನೊಂದು ಸಾಲು ಬಂದರೆ ಇಬ್ಬರನ್ನೂ ಒಂದು ವಾರ ಮ್ಯೂಟ್ ಮಾಡುತ್ತೇನೆ. ಬೆಂಚ್ ಅಣ್ಣ, ಕರಾವಳಿಯವರ ಪ್ರಶ್ನೆ ಉಳಿದಿದೆ.

ಬೆಂಚ್ ಅಣ್ಣ: ಬೆಂಚಿನ ಮೇಲೆ ಮೂರು ಕೇಸ್ ಬಿಚ್ಚಿಟ್ಟು ಬಂದಿದ್ದೇನೆ, ಹೊರಟೆ. ಟಚ್‌ಪ್ಯಾಡ್‌ನವರು ಚಾರ್ಜರ್ ತೆಗೆದಿರಾ? ಅದಕ್ಕೆ ಮಾತ್ರ ಉತ್ತರ ಹಾಕಿ.

ಹಳೇ ಆಟಗಾರ: ತೆಗೆದೆ. ಮೇಜಿನ ಮೇಲೆ ಅಲ್ಲಾಡುತ್ತಿದೆ ಸರ್. ಬಾಲ್ಕನಿಯ ಸಿಮೆಂಟ್ ನೆಲದ ಮೇಲೆ, ನೆರಳಿನಲ್ಲಿ ಇಟ್ಟಿದ್ದೇನೆ.

ಎಫ್‌ಪಿಎಸ್ ಪ್ರಿಯ: ಸಿಕ್ಕಿತು, 99 ಮಾಡಿದೆ. ಈಗ ಎಫ್‌ಪಿಎಸ್ ಬಿದ್ದಿದೆ, ಏನು ಮಾಡಲಿ?