‘ರೈಟ್ ಆಫ್’ ಅಂದರೆ ಮನ್ನಾ ಅಲ್ಲ, ಹಾಗಾದರೆ ಕನ್ನಡದಲ್ಲಿ ಏನೆನ್ನೋಣ?

ಶಿರಸಿ ಹತ್ತಿರದ ನಮ್ಮೂರಲ್ಲಿ ಯಾರಿಗಾದರೂ ಇಂಗ್ಲಿಷ್ ಕಾಗದ ಬಂದರೆ ನನ್ನ ಹತ್ತಿರ ಓದಿಸಲು ತರುತ್ತಾರೆ. ಹೋದ ತಿಂಗಳು ಪಕ್ಕದ ಮನೆ ಅಣ್ಣ ಬ್ಯಾಂಕಿನ ಒಂದು ಕಾಗದ ತಂದರು. ಕೊಳೆರೋಗದಿಂದ ಅಡಿಕೆ ಕೈಕೊಟ್ಟ ವರ್ಷ ಮಾಡಿದ್ದ ಸಾಲದ್ದು. ‘ರಿಟನ್ ಆಫ್’ ಅಂತ ಇತ್ತು, ಅಂದರೆ ‘ರೈಟ್ ಆಫ್’ ಮಾಡಿದೆ ಅಂತ. “ಮನ್ನಾ ಆತು, ಅಲ್ದಾ ತಮಾ?” ಎಂದು ಕೇಳಿದರು. ಅವರ ಮುಖ ನೋಡಿ ಅಲ್ಲ ಅನ್ನುವುದು ಬಹಳ ಕಷ್ಟವಾಯಿತು.

ರೈಟ್ ಆಫ್ ಮಾಡುವುದು ಬ್ಯಾಂಕು ತನ್ನ ಲೆಕ್ಕಕ್ಕಾಗಿ. ವಾಪಸು ಬರುವ ಭರವಸೆ ಇಲ್ಲದ ಹಣವನ್ನು ತನ್ನ ಆಸ್ತಿ ಪಟ್ಟಿಯಿಂದ ತೆಗೆಯುತ್ತದೆ, ಅಷ್ಟೇ. ಸಾಲಗಾರನ ಹೊಣೆ ಹಾಗೇ ಇರುತ್ತದೆ, ವಸೂಲಿಯೂ ನಡೆಯಬಹುದು. ಮನ್ನಾಕ್ಕೆ ಇಂಗ್ಲಿಷಿನಲ್ಲಿ ‘ವೇವ್’ ಅಂತ ಬೇರೆ ಮಾತೇ ಇದೆ. ನಮ್ಮ ದೇಶದಲ್ಲಿ ಅದಕ್ಕೂ ಸುಮ್ನೆ ಒಂದು ‘ಆಫ್’ ಸೇರಿಸಿ ‘ವೇವ್ ಆಫ್’ ಅನ್ನುತ್ತಾರೆ. ಎರಡೂ ಒಂದೇ ಅನ್ನಿಸಲು ಅದೂ ಒಂದು ಕಾರಣ ಇರಬೇಕು.

‘ರೈಟ್’ ಅಂದರೆ ಬರೆ; ಅದು ಸೇರಿದ ಉಳಿದ ಇಂಗ್ಲಿಷ್ ಮಾತುಗಳಿಗೆ ಕನ್ನಡ ಸಲೀಸಾಗಿ ಒದಗುತ್ತದೆ. ಫೋನ್ ನಂಬರು ‘ರೈಟ್ ಡೌನ್’ ಮಾಡುವುದು ಬರೆದುಕೊಳ್ಳುವುದು. ಡಾಕ್ಟರು ಔಷಧಿ ಚೀಟಿ ‘ರೈಟ್ ಔಟ್’ ಮಾಡಿದರೆ ಬರೆದುಕೊಟ್ಟ ಹಾಗೆ. ಸೊಸೈಟಿ ಸಭೆಯಲ್ಲಿ ಗೀಚಿಕೊಂಡದ್ದನ್ನು ಮನೆಗೆ ಬಂದು ನಡಾವಳಿಯಾಗಿ ಬೆಳೆಸಿ ಬರೆಯುವುದು ‘ರೈಟ್ ಅಪ್’. ಇಂಗ್ಲಿಷಿನ ಡೌನ್, ಔಟ್‌ಗಳ ಕೆಲಸವನ್ನು ನಮ್ಮಲ್ಲಿ ಕೊಳ್ಳು, ಕೊಡು, ಇಡು, ಹಾಕು ಮಾಡುತ್ತವೆ. ನನಗೆ ಇದು ಎಷ್ಟು ಸಲ ನೋಡಿದರೂ ಖುಷಿ ಕೊಡುವ ಸಂಗತಿ.

ಆದರೆ ಲೆಕ್ಕದ ಪುಸ್ತಕದಲ್ಲಿ ‘ರೈಟ್ ಡೌನ್’ಗೇ ಬೇರೆ ಅರ್ಥ. ಗೋದಾಮಿನಲ್ಲಿರುವ ಅಡಿಕೆಯ ದರ ಕೊಂಡ ಬೆಲೆಗಿಂತ ಕೆಳಗೆ ಬಿತ್ತು ಅನ್ನಿ. ಅದರ ಬೆಲೆಯನ್ನು ಪುಸ್ತಕದಲ್ಲಿ ಇಳಿಸಿ ಬರೆದರೆ ‘ರೈಟ್ ಡೌನ್’. ಅದೇ ಅಡಿಕೆ ನೀರು ನುಗ್ಗಿ ಪೂರ್ತಿ ಹಾಳಾಗಿ, ಬೆಲೆಯನ್ನು ಸೊನ್ನೆ ಮಾಡಿದರೆ ‘ರೈಟ್ ಆಫ್’. ಮೊದಲನೆಯದಕ್ಕೆ ‘ಇಳಿಸಿ ಬರೆ’ ಸಾಕು. ಎರಡನೆಯದಕ್ಕೆ ‘ಹೊಡೆದುಹಾಕು’ ಅನ್ನಬಹುದಿತ್ತು. ಆದರೆ ಸಾಲದ ಮಾತು ಬಂದಾಗ ಅದು ಸಾಲವನ್ನೇ ಅಳಿಸಿದಂತೆ ಕೇಳುತ್ತದೆ. ‘ವಜಾ’ದ್ದೂ ಅದೇ ತೊಂದರೆ.

ಅಣ್ಣನಿಗೆ ನಾನು ಹೇಳಿದ್ದು ಹೀಗೆ: “ಬ್ಯಾಂಕಿನವರು ತಮ್ಮ ಲೆಕ್ಕದಿಂದ ಬಿಟ್ಟಿದ್ದಾರೆ, ನಿಮ್ಮನ್ನು ಬಿಟ್ಟಿಲ್ಲ.” ಅರ್ಥವಾಯಿತು. ಆದರೆ ಕಾಗದದಲ್ಲಿ ಅಷ್ಟುದ್ದ ಬರೆಯಲು ಆಗುವುದಿಲ್ಲ ಅಲ್ವಾ? ‘ಲೆಕ್ಕಬಿಡು’, ‘ಲೆಕ್ಕಬಿಟ್ಟ ಸಾಲ’ ಅಂದರೆ ನಿಮ್ಮ ಕಿವಿಗೆ ಹೇಗಿದೆ? ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಕೆಲಸ ಮಾಡಿದವರು ಹಳೆಯ ಕನ್ನಡ ಲೆಡ್ಜರುಗಳಲ್ಲಿ ಇದಕ್ಕೆ ಯಾವ ಪದ ನೋಡಿದ್ದೀರಿ? ದಯವಿಟ್ಟು ತಿಳಿಸಿ.