ಪದಚರ್ಚೆ: ‘ವಾಟರ್‌ಶೆಡ್ ಮಾನಿಟರಿಂಗ್’ ಫಲಕಕ್ಕೆ ಏನು ಬರೆಯೋಣ?

ಮಕ್ಕಳು, ಊರವರು ಸೇರಿ ಹಳ್ಳದ ನೀರನ್ನು ಆಗಾಗ ಅಳೆದು ನೋಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ವಾಟರ್‌ಶೆಡ್ ಮಾನಿಟರಿಂಗ್’ ಅನ್ನುತ್ತಾರೆ, ಅದರ ಫಲಕಕ್ಕೆ ಕನ್ನಡ ಕೇಳಿದ್ದೀರಿ. ಫಲಕ ನಾಳೆಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಅಲ್ವಾ? ಹಾಗಾದರೆ ಉತ್ತರ ಮೊದಲು, ಜಗಳ ಆಮೇಲೆ. ದೊಡ್ಡ ಅಕ್ಷರದಲ್ಲಿ ‘ಹಳ್ಳದ ಮೇಲೆ ನಮ್ಮ ನಿಗಾ’. ಅದರ ಕೆಳಗೆ ‘ಇಲ್ಲಿ ಬಿದ್ದ ಮಳೆನೀರು ಈ ಹಳ್ಳಕ್ಕೇ ಹರಿಯುತ್ತದೆ. ಇದು ಹಳ್ಳದ ಜಲಾನಯನ’.

ವಾಟರ್‌ಶೆಡ್‌ಗೆ ‘ಅಚ್ಚುಕಟ್ಟು’ ಎಂದು ಸೂಚಿಸಿದವರು ದಯವಿಟ್ಟು ಹಿಂತೆಗೆದುಕೊಳ್ಳಿ. ಅಚ್ಚುಕಟ್ಟು ಇರುವುದು ಕೆರೆ ಏರಿಯ ಕೆಳಗೆ, ತೂಬಿನ ನೀರು ಉಣ್ಣುವ ಗದ್ದೆಗಳಲ್ಲಿ. ನಮಗೆ ಬೇಕಾದದ್ದು ನೀರು ಹರಿದು ಬರುವ ಮೇಲಿನ ನೆಲ. ದಿಕ್ಕೇ ತಿರುಗಿದ ಮೇಲೆ ಚರ್ಚೆ ಏನು?

‘ಜಲವಿಭಾಜಕ’ ಕೂಡ ಬೇಡ. ಅದು ಗುಡ್ಡದ ನೆತ್ತಿಯ ಗೆರೆ. ಈಚೆ ಬಿದ್ದ ಹನಿ ಒಂದು ಹೊಳೆಗೆ, ಆಚೆ ಬಿದ್ದದ್ದು ಇನ್ನೊಂದಕ್ಕೆ. ಇಂಗ್ಲಿಷಿನ ವಾಟರ್‌ಶೆಡ್ ಮೊದಲು ಆ ಗೆರೆಗೇ ಇದ್ದ ಹೆಸರು, ಆಮೇಲೆ ಇಡೀ ನೆಲಕ್ಕೆ ಹಬ್ಬಿತು. ಅದನ್ನು ಬಿಡಿಬಿಡಿಯಾಗಿ ಅನುವಾದ ಮಾಡಿದರೆ ಎಡವುವುದು ಖಂಡಿತ.

ಜಲಾನಯನವನ್ನು ‘ನೀರಿನ ಕಣ್ಣು’ ಎಂದು ಓದುವವರು ಜಾಸ್ತಿ. ಅದು ಜಲ, ಆನಯನ. ಆನಯನ ಎಂದರೆ ತರುವುದು. ಉಪನಯನದಲ್ಲಿರುವ ನಯನವೇ ಇಲ್ಲೂ ಇರುವುದು. ನೀರು ತಂದುಕೊಡುವ ನೆಲ! ಮಕ್ಕಳಿಗೆ ಒಮ್ಮೆ ಬಿಡಿಸಿ ಹೇಳಿದರೆ ಸಾಕು. ‘ನೀರ್ನೆಲ’ ಅಂತ ಹೊಸದಾಗಿ ಕಟ್ಟಿದ್ದಾರೆ. ಕೇಳಿದವರು ಜೌಗು ಅಂದುಕೊಳ್ಳುತ್ತಾರೆ. ಸಂಸ್ಕೃತ ಎಂಬ ಒಂದೇ ಕಾರಣಕ್ಕೆ ಬಳಕೆಯ ಪದ ಬಿಟ್ಟು ಗೊಂದಲದ ಪದ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಮಾನಿಟರಿಂಗ್. ಮೇಲ್ವಿಚಾರಣೆ ಕೆಲಸದವರ ಮೇಲೆ ಮಾಡುವುದು, ಕಣ್ಗಾವಲು ಕಳ್ಳರಿಗೆ. ನಿಗಾ ಪಾರಸಿಯಿಂದ ಬಂದದ್ದು ನಿಜ. ಬಂದು ನಮ್ಮದಾಗಿದೆ. ಜ್ವರದ ಮಗುವಿನ ಮೇಲೆ ಅಮ್ಮ ಇಡುವುದು ನಿಗಾ. ಪದೇ ಪದೇ ನೋಡುತ್ತಾಳೆ, ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅಂತ ಗಮನಿಸುತ್ತಾಳೆ. ಮಕ್ಕಳು ಹಳ್ಳಕ್ಕೆ ಮಾಡುವುದೂ ಅದನ್ನೇ.

ಅಳತೆಯ ಹಾಳೆಯನ್ನೂ ನೀವೇ ಬರೆಯುತ್ತಿದ್ದರೆ ಒಂದು ಮಾತು. ಟರ್ಬಿಡಿಟಿಗೆ, ಅಂದರೆ ನೀರು ಕದಡಿರುವುದಕ್ಕೆ, ‘ಪ್ರಕ್ಷುಬ್ಧತೆ’ ಎಂದು ಅಚ್ಚಾದದ್ದನ್ನು ನೋಡಿದ್ದೇನೆ. ಬೇಸರವಾಯಿತು. ಬಗ್ಗಡ ಎಂಬ ಒಳ್ಳೆಯ ಪದ ಇರುವಾಗ ಇದೇಕೆ? ಅದನ್ನು ಅಳೆಯಲು ಕೆರೆಯಲ್ಲಾದರೆ 20 ಸೆಂ.ಮೀ. ಅಗಲದ ಕಪ್ಪು ಬಿಳುಪಿನ ತಟ್ಟೆಯನ್ನು ಹಗ್ಗ ಕಟ್ಟಿ ಇಳಿಸುತ್ತಾರೆ. ಅದು ಕಣ್ಣಿಗೆ ಕಾಣದಾಗುವ ಆಳವೇ ಲೆಕ್ಕ. ಬಗ್ಗಡ ಹೆಚ್ಚಿದಷ್ಟೂ ತಟ್ಟೆ ಬೇಗ ಮಾಯ. ಸೆಕ್ಕಿ ಎಂಬ ಇಟಲಿಯವರು 1865ರಲ್ಲಿ ಬಿಳಿ ತಟ್ಟೆ ಇಳಿಸಿ ಈ ವಿಧಾನ ಪರೀಕ್ಷಿಸಿದ್ದು, ‘ಸೆಕ್ಕಿ ತಟ್ಟೆ’ ಎಂದೇ ಇರಲಿ. ಹೆಸರಿಗೆ ಅನುವಾದ ಸಲ್ಲದು. ಹಾಗೆಯೇ ‘ಕರಗಿದ ಆಮ್ಲಜನಕ’ವೂ ಇರಲಿ, ಅದು ಪಾಠಪುಸ್ತಕದಿಂದಲೇ ಮಕ್ಕಳಿಗೆ ಗೊತ್ತು.

ಕೊನೆಗೆ, ನಿಮ್ಮ ಕರಡಿನ ‘ವಿದ್ಯಾರ್ಥಿಗಳನ್ನು ಹಾಗೂ ಸಮುದಾಯವನ್ನು ತೊಡಗಿಸಿಕೊಂಡು’ ಎಂಬ ಸಾಲು ತೆಗೆಯಿರಿ. ‘ತೊಡಗು’ಗೆ ‘ಇಸು’ ಸೇರಿದ ಕೂಡಲೇ ಮಾಡಿಸುವವರು ಬೇರೆ, ಮಾಡುವವರು ಬೇರೆ ಆಗುತ್ತಾರೆ. ಮೊಣಕಾಲುದ್ದ ನೀರಿಗಿಳಿದು, ಕಲ್ಲು ಮಗುಚಿ ಹುಳು ಎಣಿಸುವವರು ಮಕ್ಕಳೇ. ‘ಮಕ್ಕಳು, ಊರವರು ಅಳೆಯುತ್ತಾರೆ’ ಎಂದು ನೇರವಾಗಿ ಬರೆಯಿರಿ.

ಆ ಕಲ್ಲಿನಡಿ ಅಂಟಿಕೊಂಡಿರುವ, ಸಾಮಾನ್ಯವಾಗಿ ಮೂರು ಬಾಲದ ಮೇಫ್ಲೈ ಎಂಬ ಕೀಟದ ಮರಿಗೆ ಯಾರ ಮಾತಿನಲ್ಲಾದರೂ ಹೆಸರಿದೆಯೇ? ನೀರು ಕೆಟ್ಟರೆ ಮೊದಲು ಕಾಣೆಯಾಗುವ ಹುಳುಗಳಲ್ಲಿ ಅದೂ ಒಂದು. ಗೊತ್ತಿದ್ದವರು ಇವತ್ತೇ ತಿಳಿಸಿ, ಫಲಕದಲ್ಲಿ ಅದರ ಚಿತ್ರವೂ ಇದೆಯಂತೆ.